ಹುಟ್ಟನ್ನೆತ್ತಿ ಆಡಿದ ಮಾತು

ದಿನಪತ್ರಿಕೆ ಕೈಗೆ ಬಂದೊಡನೆ ಹಿಂದಿನ ಪುಟಗಳಿಂದ ಓದತೊಡಗುವವರ ಪಂಗಡಕ್ಕೆ ಸೇರಿದವನು ನಾನು. ಮುಖಪುಟದಲ್ಲಿ ದೊಡ್ಡವರ ಜಗಳಗಳು ಇದ್ದೇ ಇರುತ್ತವೆ. ಅವು ನಾಳೆಗೂ ಮುಗಿಯುವಂಥವಲ್ಲ. ಆಟದ ಪುಟದ ಜಗಳಗಳಿಗಾದರೋ ಒಂದು ಕಾಲಮಿತಿಯಿದೆ, ತೀರ್ಪುಗಾರನಿದ್ದಾನೆ, ಗೆದ್ದವರಾರು ಸೋತವರಾರು ಎಂಬುದು ಸಂಜೆಯೊಳಗೆ ತಿಳಿದುಹೋಗುತ್ತದೆ. ಈ ನೆಮ್ಮದಿಗಾಗಿಯೇ ನಾನು ಆ ಪುಟವನ್ನು ಮೊದಲು ತೆರೆಯುವುದು. ಆದರೆ ಎಂದಾದರೊಮ್ಮೆ ಅಲ್ಲಿಯೂ ಒಂದು ಬಗೆಯ ಜಗಳ ಬಂದು ಕುಳಿತುಕೊಳ್ಳುತ್ತದೆ. ತೀರ್ಪುಗಾರ ಎಷ್ಟು ಸೀಟಿ ಊದಿದರೂ ಅದು ಮುಗಿಯುವುದಿಲ್ಲ. ಒಬ್ಬ ಆಟಗಾರ ಎದುರಾಳಿಯ ಬಣ್ಣವನ್ನೋ ಕುಲವನ್ನೋ ಎತ್ತಿ ಬೈದ. ಬೈಸಿಕೊಂಡವನು ಕೈ ಮಾಡಿದ. ಕೈ ಮಾಡಿದ್ದು ಸರಿಯೆ?

ಬೈಗುಳವಿಲ್ಲದ ಆಟ ಉಂಟೆ ಎಂದು ನೀವು ಕೇಳಬಹುದು. ಇಲ್ಲ. ಬೀದಿಯ ಗೋಲಿಯಾಟದಿಂದ ಹಿಡಿದು ಟೆಸ್ಟ್ ಪಂದ್ಯದವರೆಗೆ ಎಲ್ಲದರಲ್ಲಿಯೂ ಅದು ಇದ್ದೇ ಇದೆ. "ನಿನ್ನ ಕೈಗೆ ಬ್ಯಾಟಿಗಿಂತ ಸೌಟು ಚೆನ್ನಾಗಿ ಒಪ್ಪುತ್ತದೆ" ಎಂದು ಬೌಲರ್ ಹೇಳಿದನೆನ್ನಿ. ಕೇಳಿದವನು ಮುಂದಿನ ಚೆಂಡನ್ನು ಬೇಲಿಯಾಚೆಗೆ ಕಳುಹಿಸಿ ಉತ್ತರ ಕೊಡಬಹುದು. ಆಟವನ್ನು ಕುರಿತು ಆಡಿದ ಮಾತಿಗೆ ಆಟದಲ್ಲಿಯೇ ಉತ್ತರವಿದೆ. ಹುಟ್ಟನ್ನೆತ್ತಿ ಆಡಿದ ಮಾತಿಗೆ ಹಾಗಲ್ಲ. ನೂರು ಹೊಡೆದು ಬಂದರೂ ಚರ್ಮ ಅದೇ ಚರ್ಮ, ಅಪ್ಪ ಅದೇ ಅಪ್ಪ. 'ಜಾತಿ ಎತ್ತಿ ಬೈದ' ಎನ್ನುತ್ತೇವಲ್ಲ, ಆ 'ಎತ್ತಿ' ಎಂಬ ಮಾತನ್ನು ಸ್ವಲ್ಪ ಗಮನಿಸಿ. ಒಬ್ಬನು ಹೊತ್ತು ಬಂದ, ತಾನಾಗಿ ಆರಿಸಿಕೊಳ್ಳದ ಏನನ್ನೋ ನಾಲ್ಕು ಜನರ ನಡುವೆ ಎತ್ತಿ ಹಿಡಿದು ತೋರಿಸುವುದು ಅದು. ಕಾಲು ಕೆದರಿ ಜಗಳ ಮಾಡುವುದು ಬೇರೆ, ಇದು ಬೇರೆ.

ಈ ಪ್ರಶ್ನೆ ನಮ್ಮ ಮನೆಯ ಜಗುಲಿಗೆ ಬಂದದ್ದು ನನ್ನ ತಂಗಿಯ ಮಗನಿಂದ. ಅಮೆರಿಕದ ಒಹಾಯೊ ಪ್ರಾಂತದಲ್ಲಿ ಕೆಲಸದಲ್ಲಿರುವ ಹುಡುಗ. ರಜೆಯ ಮೇಲೆ ಬಂದಾಗ ಅಲ್ಲಿಯ ಫುಟ್‌ಬಾಲಿನ ಕಥೆ ಹೇಳುತ್ತಿರುತ್ತಾನೆ. ಅಮೆರಿಕನ್ ಫುಟ್‌ಬಾಲ್ ಎಂದರೆ ನಮ್ಮ ಫುಟ್‌ಬಾಲ್ ಅಲ್ಲ. ಅದರಲ್ಲಿ ಕಾಲಿಗಿಂತ ಮೈಗೆ ಕೆಲಸ ಹೆಚ್ಚು. 2019ರ ನವೆಂಬರ್ 14ರಂದು ಅವನ ಊರಾದ ಕ್ಲೀವ್‌ಲೆಂಡಿನ ತಂಡ ಪಿಟ್ಸ್‌ಬರ್ಗಿನ ಮೇಲೆ ಆಡುತ್ತಿತ್ತು. ಮುಗಿಯಲು ಎಂಟು ಸೆಕೆಂಡು ಉಳಿದಿತ್ತು. ಕ್ಲೀವ್‌ಲೆಂಡ್ ಗೆದ್ದಾಗಿತ್ತು ಎನ್ನಬೇಕು. ಆ ತಂಡದ ಮೈಲ್ಸ್ ಗ್ಯಾರೆಟ್ ಎಂಬ ಆಜಾನುಬಾಹು ಎದುರಾಳಿ ಮೇಸನ್ ರುಡಾಲ್ಫನನ್ನು ಕೆಡವಿದ. ಇಬ್ಬರೂ ನೆಲದ ಮೇಲೆ ಎಳೆದಾಡಿದರು. ಗ್ಯಾರೆಟ್ ಅವನ ಶಿರಸ್ತ್ರಾಣವನ್ನು ಕಿತ್ತು, ಅದರಿಂದಲೇ ಅವನ ಬರಿದಾದ ತಲೆಗೆ ಬೀಸಿ ಹೊಡೆದ. ಅದೃಷ್ಟಕ್ಕೆ ದೊಡ್ಡ ಅನಾಹುತವಾಗಲಿಲ್ಲ. ಆ ವರ್ಷದ ಉಳಿದ ಆರು ಪಂದ್ಯಗಳಿಗೂ ಗ್ಯಾರೆಟ್ ಹೊರಗುಳಿಯಬೇಕಾಯಿತು. ಶಿಕ್ಷೆಯ ಮೇಲ್ಮನವಿಯ ವಿಚಾರಣೆಯಲ್ಲಿ ಅವನು, ರುಡಾಲ್ಫ್ ತನ್ನ ಜನಾಂಗವನ್ನೆತ್ತಿ ಬೈದನೆಂದು ಹೇಳಿದ. ರುಡಾಲ್ಫ್ ಅದನ್ನು ಪೂರ್ತಿಯಾಗಿ ಅಲ್ಲಗಳೆದ. ಅಂಥ ಮಾತಿಗೆ ಸಾಕ್ಷ್ಯ ಸಿಗಲಿಲ್ಲವೆಂದು ಲೀಗ್ ಹೇಳಿತು. ಅಲ್ಲಿಗೆ ಮಾತಿನ ಕಥೆ ಮುಗಿಯಿತು. ಹೊಡೆತದ ಕಥೆ ಮಾತ್ರ ಇಂದಿಗೂ ಓಡುತ್ತಿದೆ. ಬೇಕಾದವರು ಬೇಕಾದಷ್ಟು ಸಲ ನೋಡಬಹುದು.

ಆ ಮಾತು ಆಡಿದ್ದು ನಿಜವೋ ಸುಳ್ಳೋ, ಅದನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ನನ್ನ ಸೋದರಳಿಯ ಕೇಳಿದ್ದು ಇಷ್ಟೇ: "ಆಡಿದ್ದೇ ನಿಜ ಅಂತ ಇಟ್ಟುಕೊಳ್ಳಿ ಮಾವ. ಆಗ ಹೊಡೆದದ್ದು ಸರೀನಾ?"

ಪಕ್ಕದ ಮನೆಯ ಮೇಷ್ಟ್ರು, ನಿವೃತ್ತರಾಗಿ ಬಹಳ ಕಾಲವಾದರೂ ಪ್ರಶ್ನೆ ಕೇಳಿದೊಡನೆ ಎದ್ದು ನಿಲ್ಲುವ ಸ್ವಭಾವ ಬಿಡದವರು, ನನಗೆ ಬಾಯಿ ತೆರೆಯಲು ಅವಕಾಶ ಕೊಡಲಿಲ್ಲ. "ಸರಿಯಲ್ಲದೆ ಏನಪ್ಪಾ? ಶಿಶುಪಾಲ ತುಂಬಿದ ಸಭೆಯಲ್ಲಿ ಕೃಷ್ಣನನ್ನ ಗೊಲ್ಲ ಅಂತ ಹೀಯಾಳಿಸಿದ. ಅದೂ ಹುಟ್ಟು ಎತ್ತಿ ಆಡಿದ ಮಾತೇ ತಾನೆ? ನೂರು ತಪ್ಪಿನವರೆಗೆ ಕೃಷ್ಣ ಎಣಿಸಿದ. ಆಮೇಲೆ ಚಕ್ರ ಬಿಟ್ಟ. ಭಗವಂತನೇ ಬಿಟ್ಟ ಮೇಲೆ ಈ ಹುಡುಗ ಬಿಟ್ಟದ್ದರಲ್ಲಿ ಏನು ತಪ್ಪು?"

ಮೇಷ್ಟ್ರ ದೃಷ್ಟಾಂತ ಗಟ್ಟಿಯಾದದ್ದೇ. ಆದರೆ ಅದರಲ್ಲೊಂದು ತೊಡಕಿದೆ. ರಾಜಸೂಯದ ಆ ಸಭೆಯಲ್ಲಿ ಕೃಷ್ಣ ಬೈಸಿಕೊಂಡವನೂ ಹೌದು, ತೀರ್ಪು ಹೇಳಿದವನೂ ಹೌದು, ಜಾರಿ ಮಾಡಿದವನೂ ಹೌದು. ಅಗ್ರಪೂಜೆ ಅವನದಾಗಿತ್ತು, ಭೀಷ್ಮನಂಥವನು ಎದ್ದು ನಿಂತು ಅವನ ಪರವಾಗಿ ಮಾತನಾಡಿದ್ದ. ಅಷ್ಟು ಬಲವಿದ್ದವನಿಗೆ ನೂರರವರೆಗೆ ಎಣಿಸುವ ತಾಳ್ಮೆಯೂ ಒಂದು ಐಶ್ವರ್ಯವೇ. ನಾವು ಕೇಳುತ್ತಿರುವುದು ಅಂಥವನ ಮಾತಲ್ಲ.

ಮಹಾಭಾರತದಲ್ಲಿಯೇ ಇನ್ನೊಂದು ಪ್ರಸಂಗವಿದೆ. ಅದಂತೂ ಅಪ್ಪಟ ಆಟದ ಬಯಲಿನದು. ದ್ರೋಣನ ಶಿಷ್ಯರ ವಿದ್ಯಾಪ್ರದರ್ಶನ. ಸುತ್ತ ಮಂಚಿಕೆಗಳ ಮೇಲೆ ಅರಮನೆಯವರು, ಊರ ಜನ. ಅರ್ಜುನನ ಕೈಚಳಕ ಮುಗಿದ ಮೇಲೆ ಕರ್ಣ ಬಂದು, ಇದನ್ನೆಲ್ಲ ನಾನೂ ಮಾಡಬಲ್ಲೆ ಎಂದ, ಮಾಡಿಯೂ ತೋರಿಸಿದ. ಒಡನೆ ಕೃಪಾಚಾರ್ಯರು ಅವನ ಕುಲ ಕೇಳಿದರು. ಬಿಲ್ಲಿನ ಪ್ರಶ್ನೆಗೆ ಬಿಲ್ಲಿನಿಂದ ಉತ್ತರ ಕೊಟ್ಟವನು ಈ ಪ್ರಶ್ನೆಗೆ ತಲೆ ತಗ್ಗಿಸಿದ. ಆಮೇಲೆ ಮುದುಕ ಅಧಿರಥ ಕೋಲೂರಿಕೊಂಡು ಬಂದ. ಮಗ ಅಪ್ಪನ ಕಾಲಿಗೆ ಎರಗಿದ. ಅದನ್ನು ಕಂಡು ಭೀಮ ನಕ್ಕು, ನಿನ್ನ ಕುಲಕ್ಕೆ ತಕ್ಕ ಚಾವಟಿ ಹಿಡಿ ಹೋಗು ಎಂದ. ಕರ್ಣ ಕೈ ಎತ್ತಲಿಲ್ಲ. ನಿಟ್ಟುಸಿರು ಬಿಟ್ಟು ಸೂರ್ಯನ ಕಡೆಗೆ ನೋಡಿದ.

ನನ್ನ ಮಟ್ಟಿಗೆ ಆ ದೃಶ್ಯದಲ್ಲಿ ಗಮನಿಸತಕ್ಕವರು ಕರ್ಣನೂ ಅಲ್ಲ, ಭೀಮನೂ ಅಲ್ಲ. ಮಂಚಿಕೆಗಳ ಮೇಲೆ ಕುಳಿತವರು. ಭೀಷ್ಮ ಅಲ್ಲಿದ್ದ, ದ್ರೋಣನಿದ್ದ, ವಿದುರನಿದ್ದ. ಕುಂತಿಯಂತೂ ಎಲ್ಲವನ್ನೂ ಬಲ್ಲವಳಾಗಿ ಅಲ್ಲಿಯೇ ಇದ್ದಳು. ಇವರಾರೂ ಭೀಮನಿಗೆ 'ಬಾಯಿ ಮುಚ್ಚು' ಎನ್ನಲಿಲ್ಲ. ಹೇಳಿದವನು ಒಬ್ಬನೇ, ದುರ್ಯೋಧನ. ಅವನು ಹೇಳಿದ್ದು ಬರಿಯ ಔದಾರ್ಯದಿಂದಲ್ಲ, ಅರ್ಜುನನಿಗೆ ಒಬ್ಬ ಎದುರಾಳಿ ಬೇಕಾಗಿತ್ತು ಎಂಬುದೆಲ್ಲ ನಿಜ. ಆದರೂ ಆ ಹೊತ್ತಿನಲ್ಲಿ ಪಕ್ಕಕ್ಕೆ ಬಂದು ನಿಂತವನು ಅವನೇ. ಕರ್ಣ ಸಾಯುವವರೆಗೆ ಅದನ್ನು ಮರೆಯಲಿಲ್ಲ.

ನಾನು ಇದನ್ನು ಹೇಳಿದಾಗ ಸೋದರಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತನ್ನದೊಂದು ಸಂಗತಿ ಹೇಳಿದ. ಅಲ್ಲಿ ವಾರಾಂತ್ಯಗಳಲ್ಲಿ ಇವನೂ ಕ್ರಿಕೆಟ್ ಆಡುವುದುಂಟು. ಹಣಕ್ಕಲ್ಲ, ಅಭ್ಯಾಸ ಬಿಡಲಾರದೆ. ಒಂದು ದಿನ ಎದುರು ತಂಡದವನೊಬ್ಬ ಔಟಾದ ಸಿಟ್ಟಿನಲ್ಲಿ ಇವನ ಮೈಬಣ್ಣವನ್ನೂ ದೇಶವನ್ನೂ ಸೇರಿಸಿ ಒಂದು ಮಾತು ಆಡಿದನಂತೆ. ಮಾತು ಯಾವುದೆಂದು ಇವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. "ಬೈದವನ ಮುಖ ಈಗ ನೆನಪಿಲ್ಲ ಮಾವ. ನಮ್ಮ ತಂಡದವರೇ ಇಬ್ಬರು ಪಕ್ಕದಲ್ಲಿದ್ದರು. ಇಬ್ಬರೂ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳೋಕೆ ಶುರು ಮಾಡಿದರು. ಅದು ಮಾತ್ರ ಮರೆತಿಲ್ಲ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಸಂಜೆ ವಾದ ಮುಂದುವರಿಯಲಿಲ್ಲ.

ಆದರೆ ನನ್ನ ತಲೆಯಲ್ಲಿ ಅದು ಮುಂದುವರಿಯಿತು. ಅಮೆರಿಕದವರದೇ ಇನ್ನೊಂದು ಆಟವಾದ ಬೇಸ್‌ಬಾಲಿನ ಜಾಕಿ ರಾಬಿನ್ಸನ್ ನೆನಪಾದ. ಈ ಪ್ರಶ್ನೆಯನ್ನು ಅವನಷ್ಟು ದೀರ್ಘಕಾಲ ಮೈಮೇಲೆ ಹೊತ್ತು ತಿರುಗಿದವರು ಇನ್ನೊಬ್ಬರಿರಲಾರರು. ಆ ದೇಶದ ದೊಡ್ಡ ಬೇಸ್‌ಬಾಲ್ ಲೀಗುಗಳಲ್ಲಿ ದಶಕಗಳ ಕಾಲ ಕರಿಯರಿಗೆ ಪ್ರವೇಶವಿರಲಿಲ್ಲ. ಲಿಖಿತ ಕಾನೂನೇನೂ ಇರಲಿಲ್ಲ. ಕದ ತೆರೆಯುತ್ತಿರಲಿಲ್ಲ, ಅಷ್ಟೆ. ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಯಜಮಾನಿಕೆ ನಡೆಸುತ್ತಿದ್ದ ಬ್ರಾಂಚ್ ರಿಕಿ ಎಂಬಾತ ಅದನ್ನು ಮುರಿಯಬೇಕೆಂದು ನಿಶ್ಚಯಿಸಿ, 1945ರ ಆಗಸ್ಟ್ 28ರಂದು ರಾಬಿನ್ಸನ್‌ನನ್ನು ತನ್ನ ಕಚೇರಿಗೆ ಕರೆಸಿದ. ಸುಮಾರು ಮೂರು ಗಂಟೆ ಅಲ್ಲಿ ನಡೆದದ್ದನ್ನು ಸಂದರ್ಶನವೆನ್ನುವುದಕ್ಕಿಂತ ನಾಟಕವೆನ್ನುವುದೇ ಸರಿ. ರಿಕಿ ಒಮ್ಮೆ ಕೋಣೆ ಕೊಡದ ಹೋಟೆಲಿನ ಗುಮಾಸ್ತನಾದ, ಒಮ್ಮೆ ಊಟ ಕೊಡದ ಮಾಣಿಯಾದ, ಒಮ್ಮೆ ಬೂಟಿನ ಮೊಳೆ ಮುಂದೆ ಮಾಡಿ ಜಾರಿ ಬರುವ ಎದುರಾಳಿಯಾದ. ಬಾಯಿಗೆ ಬಂದ ಕೊಳಕು ಮಾತುಗಳನ್ನೆಲ್ಲ ಅವನ ಮುಖಕ್ಕೆ ಎಸೆದ. ತಿರುಗಿ ಹೊಡೆಯಲು ಅಂಜುವವನು ಬೇಕೇ ನಿಮಗೆ ಎಂದು ರಾಬಿನ್ಸನ್ ಕೇಳಿದ. ತಿರುಗಿ ಹೊಡೆಯದಿರುವ ಎದೆಗಾರಿಕೆಯುಳ್ಳವನು ಬೇಕು ಎಂದು ರಿಕಿ ಹೇಳಿದ. ಕರಾರು ಅದೇ ಆಯಿತು.

ರಾಬಿನ್ಸನ್ ಸಾಧುಪ್ರಾಣಿಯೆಂದು ತಿಳಿಯಬೇಡಿ. ಹಿಂದಿನ ವರ್ಷ, 1944ರಲ್ಲಿ, ಸೈನ್ಯದ ಅಧಿಕಾರಿಯಾಗಿದ್ದಾಗ ಟೆಕ್ಸಾಸಿನಲ್ಲಿ ಬಸ್ಸಿನ ಹಿಂದಿನ ಸಾಲಿಗೆ ಹೋಗು ಎಂದು ಚಾಲಕ ಹೇಳಿದರೆ ಇವನು ಏಳಲೊಪ್ಪಲಿಲ್ಲ. ಅದರಿಂದ ಬೆಳೆದ ಜಗಳ ಸೈನಿಕ ನ್ಯಾಯಾಲಯದವರೆಗೆ ಹೋಯಿತು. ನಿರ್ದೋಷಿಯೆಂದು ಹೊರಗೆ ಬಂದ. ಅಂಥವನಿಗೆ ಹೊಡೆಯಕೂಡದು ಎನ್ನುವುದು, ಬಲಗೈಯಲ್ಲಿ ಬರೆಯುವವನಿಗೆ ಎಡಗೈಯಲ್ಲಿ ಪರೀಕ್ಷೆ ಬರೆ ಎಂದ ಹಾಗೆ.

1947ರ ಏಪ್ರಿಲ್ 15ರಂದು ಅವನು ಮೊದಲ ಪಂದ್ಯ ಆಡಿದ. ಒಂದು ವಾರ ಕಳೆದು, 22ರಂದು, ಫಿಲಡೆಲ್ಫಿಯಾ ತಂಡ ಬ್ರೂಕ್ಲಿನ್ನಿಗೆ ಬಂತು. ಅದರ ಮ್ಯಾನೇಜರ್ ಬೆನ್ ಚಾಪ್‌ಮನ್ ತನ್ನ ಆಟಗಾರರನ್ನೂ ಸೇರಿಸಿಕೊಂಡು, ತಮ್ಮ ತಂಡದವರು ಕೂರುವ ತಗ್ಗಿನ ಚಪ್ಪರದಿಂದ ರಾಬಿನ್ಸನ್ ಮೇಲೆ ಸುರಿಸಿದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. ಹತ್ತಿಯ ಹೊಲಕ್ಕೆ ಹಿಂತಿರುಗು ಎಂಬುದು ಅವುಗಳಲ್ಲೆಲ್ಲ ಮೃದುವಾದದ್ದು. ಒಂದು ಕ್ಷಣ ಎಲ್ಲವನ್ನೂ ಬಿಸುಟು, ಅಲ್ಲಿಗೆ ನಡೆದುಹೋಗಿ, ಅವರಲ್ಲಿ ಒಬ್ಬನನ್ನು ಹಿಡಿದು ಹಲ್ಲು ಉದುರಿಸಿ, ಆಟಕ್ಕೇ ಬೆನ್ನು ಹಾಕಿ ಹೋಗಿಬಿಡೋಣವೆನಿಸಿತ್ತೆಂದು ರಾಬಿನ್ಸನ್ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಹೋಗಲಿಲ್ಲ. ಎಂಟನೆಯ ಸರದಿಯಲ್ಲಿ ಚೆಂಡು ಹೊಡೆದು ಮೊದಲ ನೆಲೆ ಸೇರಿದ, ಎರಡನೆಯದನ್ನು ಕದ್ದ, ಎದುರಾಳಿಯ ತಪ್ಪಿನಿಂದ ಮೂರನೆಯದಕ್ಕೆ ಓಡಿದ, ಜೊತೆಗಾರನೊಬ್ಬ ಚೆಂಡು ಹೊಡೆದಾಗ ಮನೆ ಸೇರಿದ. ಆ ದಿನ ಎರಡೂ ತಂಡಗಳಿಗೆ ಸೇರಿ ದಕ್ಕಿದ್ದು ಅದೊಂದೇ ಓಟ.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ನೋಡಿ, ತಾಳಿದವನು ಬಾಳಿಯಾನು ಎನ್ನುತ್ತಾರೆ. ನನಗೆ ಅದು ಅರ್ಧ ಕಥೆಯೆಂದು ತೋರುತ್ತದೆ. ಅದೇ ಸರಣಿಯಲ್ಲಿ ಎಡ್ಡಿ ಸ್ಟ್ಯಾಂಕಿ ಎಂಬ ಬಿಳಿಯ ಆಟಗಾರ ಫಿಲಡೆಲ್ಫಿಯಾದವರ ಕಡೆ ತಿರುಗಿ, ತಿರುಗಿ ಮಾತಾಡಲು ಆಗುವವನ ಮೇಲೆ ಕೂಗಿರೋ ಹೇಡಿಗಳಾ ಎಂಬರ್ಥದಲ್ಲಿ ಗದರಿಸಿದ. ಸ್ಟ್ಯಾಂಕಿ ಸಮಾಜಸುಧಾರಕನೇನಲ್ಲ. ರಾಬಿನ್ಸನ್ ತಂಡಕ್ಕೆ ಬಂದದ್ದು ಮೊದಲಿಗೆ ಅವನಿಗೂ ಇಷ್ಟವಿರಲಿಲ್ಲವೆಂದೇ ಹೇಳುತ್ತಾರೆ. ಆದರೆ ಒಬ್ಬನ ಎರಡೂ ಕೈಗಳನ್ನು ಕರಾರಿನಿಂದ ಕಟ್ಟಿಹಾಕಿ, ಇನ್ನೊಬ್ಬರು ಅವನ ಮೇಲೆ ಉಗುಳುವುದನ್ನು ನೋಡುತ್ತ ಕೂರಲು ಅವನಿಗೆ ಆಗಲಿಲ್ಲ. ರಿಕಿಯ ಕರಾರಿಗೂ ಒಂದು ಕೊನೆಯಿತ್ತು. 1949ರ ಹೊತ್ತಿಗೆ ರಾಬಿನ್ಸನ್ ಬಾಯಿ ಬಿಚ್ಚಲು ಸ್ವತಂತ್ರನಾದ, ಬಿಚ್ಚಿದ, ಆ ವರ್ಷವೇ ಲೀಗಿನ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿಯನ್ನೂ ಪಡೆದ. ಅವನು 1972ರಲ್ಲಿ ಸತ್ತಾಗ ವಯಸ್ಸು 53. ನುಂಗಿದ ಸಿಟ್ಟು ಮೈಯನ್ನು ತಿನ್ನುತ್ತದೆಯೆಂದು ಹೇಳಲು ನಾನು ವೈದ್ಯನಲ್ಲ. ಆದರೆ ತಾಳ್ಮೆಯೆಂಬುದು ಪುಕ್ಕಟೆ ಸಿಗುವ ಸರಕಲ್ಲವೆಂದು ಹೇಳಲು ವೈದ್ಯಶಾಸ್ತ್ರ ಓದಿರಬೇಕಾಗಿಲ್ಲ.

ಮರುದಿನ ಮೇಷ್ಟ್ರ ಮುಂದೆ ಇದನ್ನೆಲ್ಲ ಹೇಳಿದೆ. ಅವರು ಸುಲಭಕ್ಕೆ ಬಗ್ಗುವವರಲ್ಲ. "ಅದೆಲ್ಲ ಸರಿ ರಾಯರೇ. ಆದರೆ ಮೊದಲನೆಯ ದಿನವೇ ಒಬ್ಬನ ದವಡೆಗೆ ಒಂದು ಬಿದ್ದಿದ್ದರೆ ಉಳಿದ ಹತ್ತು ಬಾಯಿ ತಾವಾಗಿ ಮುಚ್ಚಿರುತ್ತಿದ್ದವು. ಪಾಠಶಾಲೆಯಲ್ಲಿ ನಾನು ನೋಡಿದ್ದು ಇದೇ" ಎಂದರು.

ಅವರ ಮಾತನ್ನು ಪರೀಕ್ಷಿಸಲು ಒಂದು ಆಟವಿದೆ: ಹಿಮದ ಹಾಸಿನ ಮೇಲೆ ಆಡುವ ಐಸ್ ಹಾಕಿ. ಗುದ್ದಾಟಕ್ಕೆ ಅರ್ಧ ಅನುಮತಿಯಿರುವ ಆಟ ಅದು. ಇಬ್ಬರು ಮುಷ್ಟಿ ಮುಷ್ಟಿ ಬಡಿದಾಡಿದರೆ ಐದು ನಿಮಿಷ ಹೊರಗೆ ಕೂರಬೇಕು. ಆಮೇಲೆ ಬಂದು ಆಡಬಹುದು. ಉತ್ತರ ಅಮೆರಿಕದ ದೊಡ್ಡ ಲೀಗಿನಲ್ಲಿ ಆಡಿದ ಮೊದಲ ಕರಿಯ ವಿಲಿ ಓ'ರೀ. ಬಾಸ್ಟನ್ ತಂಡದ ಪರವಾಗಿ 1958ರ ಜನವರಿ 18ರಂದು ಮಾಂಟ್ರಿಯಲ್‌ನಲ್ಲಿ ಕಣಕ್ಕಿಳಿದ. ಬಲಗಣ್ಣು ಬಹುತೇಕ ಕಾಣುತ್ತಿರಲಿಲ್ಲ; ಅದನ್ನು ಯಾರಿಗೂ ಹೇಳದೆ ಆಡಿದ ಭೂಪ. ಮುಂದೊಮ್ಮೆ ಶಿಕಾಗೋದಲ್ಲಿ ಎರಿಕ್ ನೆಸ್ಟರೆಂಕೋ ಎಂಬಾತ ಬಣ್ಣವೆತ್ತಿ ಬೈದು, ಹಾಕಿ ಕೋಲಿನ ಹಿಂತುದಿಯಿಂದ ಇವನ ಬಾಯಿಗೆ ತಿವಿದ, ಹಲ್ಲು ಹೋಯಿತು. ಓ'ರೀ ತನ್ನ ಕೋಲನ್ನೆತ್ತಿ ಅವನ ತಲೆಗೇ ಬಿಟ್ಟ. ದೊಡ್ಡ ರಂಪವಾಯಿತು. ಆದರೆ ತಾನು ಬಡಿದಾಡಿದ್ದೆಲ್ಲ ಕೋಲಿನ ತಿವಿತಕ್ಕೆ, ಬೈಗುಳಕ್ಕಾಗಿ ಅಲ್ಲ ಎಂದು ಮುಂದೆ ಅವನೇ ಹೇಳಿದ್ದಾನೆ. ಪೆಟ್ಟಿಗೆ ಪೆಟ್ಟು, ಮಾತಿಗೆ ಮಾತ್ರ ಕಿವುಡು: ಇದು ಯಾರೂ ಹೇರದೆ ಅವನು ತಾನೇ ಎಳೆದುಕೊಂಡ ಗೆರೆ.

ಸರಿ, ಗುದ್ದಲು ಅನುಮತಿಯಿದ್ದ ಆ ಆಟದಲ್ಲಿ ಬಾಯಿಗಳು ಮುಚ್ಚಿದವೆ? 2011ರ ಸೆಪ್ಟೆಂಬರಿನಲ್ಲಿ, ಓ'ರೀ ಆಡಿ ಅರ್ಧ ಶತಮಾನ ಕಳೆದ ಮೇಲೆ, ಕೆನಡಾದ ಲಂಡನ್ ಎಂಬ ಊರಿನಲ್ಲಿ ವೇಯ್ನ್ ಸಿಮಂಡ್ಸ್ ಎಂಬ ಕರಿಯ ಆಟಗಾರ ಗೋಲಿನತ್ತ ಹೋಗುತ್ತಿರುವಾಗ ಜನರ ನಡುವಿನಿಂದ ಒಂದು ಬಾಳೆಹಣ್ಣು ಬಂದು ಹಿಮದ ಮೇಲೆ ಬಿತ್ತು. ಗುದ್ದು ಯಾವ ಬಾಯನ್ನೂ ಮುಚ್ಚಿಸಿದಂತೆ ಕಾಣುವುದಿಲ್ಲ. ಮೇಷ್ಟ್ರ ಪಾಠಶಾಲೆಯಲ್ಲಿ ಮುಚ್ಚಿದ್ದರೆ, ಅದು ಗುದ್ದಿನಿಂದಲೋ ಮೇಷ್ಟ್ರು ಬಾಗಿಲಲ್ಲಿ ನಿಂತದ್ದರಿಂದಲೋ ವಿಚಾರಿಸಬೇಕು.

ಗುದ್ದು ಇನ್ನೊಂದು ಕೆಲಸವನ್ನಂತೂ ತಪ್ಪದೆ ಮಾಡುತ್ತದೆ: ಮಾತನ್ನು ಅಳಿಸಿಹಾಕುತ್ತದೆ. 1995ರ ಜನವರಿ 25ರಂದು ಮ್ಯಾಂಚೆಸ್ಟರ್ ಯುನೈಟೆಡ್‌ನ ಫ್ರೆಂಚ್ ಆಟಗಾರ ಎರಿಕ್ ಕಾಂಟೊನಾ ಬೇಲಿ ಹಾರಿ ಪ್ರೇಕ್ಷಕನೊಬ್ಬನ ಎದೆಗೆ ಒದ್ದ ಚಿತ್ರ ಫುಟ್‌ಬಾಲ್ ನೋಡುವವರಿಗೆಲ್ಲ ಗೊತ್ತು. ಅವನ ದೇಶವನ್ನೆತ್ತಿ ಆ ಪ್ರೇಕ್ಷಕ ಏನೆಂದ ಎಂಬುದು ಎಷ್ಟು ಜನಕ್ಕೆ ಗೊತ್ತು? ಕ್ಲೀವ್‌ಲೆಂಡಿನಲ್ಲಿ ನಡೆದದ್ದೂ ಅದೇ. ಕಣ್ಣಿಗೆ ಕಂಡದ್ದರ ವಿಚಾರಣೆ ಕಿವಿಗೆ ಬಿದ್ದದ್ದರ ವಿಚಾರಣೆಯನ್ನು ನುಂಗಿಬಿಡುತ್ತದೆ. ಬೈದವನು ಅಪರಾಧಿಯ ಕಟ್ಟೆಯಿಂದ ಇಳಿದು ಸಾಕ್ಷಿಯ ಕಟ್ಟೆಗೆ ಹೋಗಿ, ಬ್ಯಾಂಡೇಜು ಕಟ್ಟಿಕೊಂಡು ಕುಳಿತುಕೊಳ್ಳುತ್ತಾನೆ. ಆದ್ದರಿಂದ ಸೋದರಳಿಯ ಕೇಳಿದ್ದಕ್ಕೆ ನನ್ನ ಉತ್ತರ, ಹೊಡೆದದ್ದು ಸರಿಯಲ್ಲ ಎಂದೇ. ಆದರೆ ಈ ಉತ್ತರವನ್ನು ಹೇಳಲು ಯಾರಿಗೆ ಬಾಯಿದೆ ಎಂಬುದು ಬೇರೆ ಪ್ರಶ್ನೆ. ಸ್ಟ್ಯಾಂಕಿಗೆ ಇದೆ. ಲೇಸು ಕಟ್ಟಿಕೊಂಡವರಿಗೆ ಇದೆಯೆಂದು ನನಗನಿಸುವುದಿಲ್ಲ.

ಇಷ್ಟೂ ಹೊತ್ತು ಸಮುದ್ರದಾಚೆಯ ಕಥೆ ಹೇಳಿ ನಮ್ಮ ಅಂಗಳವನ್ನು ಗುಡಿಸದೆ ಬಿಟ್ಟರೆ ಚೆನ್ನಾಗಿರುವುದಿಲ್ಲ. ನಮ್ಮಲ್ಲಿ 'ಕರಿಯ' ಎಂಬ ಮಾತಿಗೆ ಹತ್ತು ಮುಖ. ಅದು ಹೆಸರೂ ಹೌದು. ಕೊಡಗಿನ ಕಾರ್ಯಪ್ಪನವರನ್ನು ಬಯಲುಸೀಮೆಯವರು ಕರಿಯಪ್ಪನವರೆಂದೇ ಗೌರವದಿಂದ ಕರೆದರು. ಕೃಷ್ಣನೆಂದರೂ ಕರಿಯನೇ. ತಾಯಿ ಮಗುವನ್ನು ಮುದ್ದಿನಿಂದ ಕರಿಯಾ ಎನ್ನುವುದೂ ಉಂಟು. ಹೆಣ್ಣು ನೋಡಲು ಹೋದ ಕಡೆ ಅದೇ ಮಾತು ಅಡಿಗೆಮನೆಯಲ್ಲಿ ಪಿಸುಮಾತಾಗುತ್ತದೆ. ಈ ಸಲಿಗೆಯ ನೆವದಲ್ಲಿ ನಾವು ಬಹಳ ದೂರ ಹೋಗಿಬಿಟ್ಟಿದ್ದೇವೆ. ವೆಸ್ಟ್ ಇಂಡೀಸಿನ ನಾಯಕನಾಗಿ ಎರಡು ಸಲ ವಿಶ್ವಕಪ್ ಗೆದ್ದ ಡ್ಯಾರೆನ್ ಸ್ಯಾಮಿಯನ್ನು ನಮ್ಮ ಐ.ಪಿ.ಎಲ್. ತಂಡವೊಂದರಲ್ಲಿ 'ಕಾಲೂ' ಎಂದು ಕರೆಯುತ್ತಿದ್ದರಂತೆ. ಬಲಶಾಲಿ ಕುದುರೆ ಎಂದೇನೋ ಅರ್ಥವಿರಬೇಕೆಂದು ಆತ ಭಾವಿಸಿದ್ದರು. ನಿಜವಾದ ಅರ್ಥ ತಿಳಿದದ್ದು 2020ರಲ್ಲಿ. ಆಗ ತಮ್ಮ ನೋವನ್ನು ಬಹಿರಂಗವಾಗಿ ಹೇಳಿಕೊಂಡರು. ಹೊರಗಿನವರೇಕೆ, ಮದರಾಸಿನ ಅಭಿನವ್ ಮುಕುಂದ್, ಭಾರತಕ್ಕೆ ಆಡಿದವರು, ಎಳೆವಯಸ್ಸಿನಿಂದ ತಮ್ಮ ಮೈಬಣ್ಣಕ್ಕಾಗಿ ಕೇಳಿದ ಮಾತುಗಳ ಬಗ್ಗೆ 2017ರಲ್ಲಿ ಬರೆದರು. ಬಿಸಿಲಲ್ಲಿ ಹಗಲಿಡೀ ನಿಂತು ಆಡುವವನಿಗೆ ಬಿಸಿಲಿನ ಬಣ್ಣವೇ ಅಪರಾಧ!

2007ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್ ವಡೋದರಾದಲ್ಲಿಯೂ ಮುಂಬಯಿಯಲ್ಲಿಯೂ ಆಡುತ್ತಿದ್ದಾಗ ನಮ್ಮ ಪ್ರೇಕ್ಷಕರಲ್ಲಿ ಕೆಲವರು ಕೋತಿಯ ಚೇಷ್ಟೆ ಮಾಡಿ ತೋರಿಸಿದರು. ಮೂರು ತಿಂಗಳೊಳಗೆ ಸಿಡ್ನಿಯಲ್ಲಿ ಹರಭಜನ್ ಸಿಂಗ್ ಅದೇ ಮಾತನ್ನು ಸೈಮಂಡ್ಸ್‌ಗೆ ಅಂದರೆಂಬ ದೂರು ಬಂತು. ನಮ್ಮ ತಂಡದ ನಾಯಕರು ಬೆಂಗಳೂರಿನ ಅನಿಲ್ ಕುಂಬ್ಳೆ. ಹರಭಜನ್ ಅದನ್ನು ಅಲ್ಲಗಳೆದರು. ಮ್ಯಾಚ್ ರೆಫರಿ ಮೂರು ಟೆಸ್ಟುಗಳ ನಿಷೇಧ ಹಾಕಿದರೆ, ಮೇಲ್ಮನವಿ ಕೇಳಿದ ನ್ಯೂಜಿಲೆಂಡಿನ ನ್ಯಾಯಾಧೀಶ ಜಾನ್ ಹ್ಯಾನ್ಸೆನ್, ಜನಾಂಗ ನಿಂದನೆ ಸಾಬೀತಾಗಿಲ್ಲವೆಂದು 2008ರ ಜನವರಿ 29ರಂದು ಹೇಳಿ, ಅಸಭ್ಯ ಮಾತಿಗಾಗಿ ಪಂದ್ಯದ ಅರ್ಧ ಸಂಭಾವನೆ ದಂಡ ಹಾಕಿದರು. ಹರಭಜನ್ ಅಂದದ್ದು ಕೋತಿ ಎಂದಲ್ಲ, ತಾಯಿಯನ್ನೆತ್ತಿ ಆಡುವ ಹಿಂದಿಯ ಒಂದು ಬೈಗುಳ, ಕಿವಿಗೆ ಅದು ಹಾಗೆ ಕೇಳಿಸಿರಬೇಕು ಎಂಬುದು ನಮ್ಮವರ ವಾದವಾಗಿತ್ತು. ಬಣ್ಣವನ್ನೆತ್ತಿದರೆ ಮೂರು ಟೆಸ್ಟ್, ತಾಯಿಯನ್ನೆತ್ತಿದರೆ ಅರ್ಧ ಸಂಬಳ! ಯಾವ ತಾಯಿಗೆ ಇದನ್ನು ವಿವರಿಸಿ ಹೇಳುವುದೋ ತಿಳಿಯದು. ಆದರೂ ಒಂದನ್ನು ಒಪ್ಪಬೇಕು. ಅಷ್ಟು ಕಾವೇರಿದ ಆ ಬಯಲಿನಲ್ಲಿ ಯಾರೂ ಯಾರನ್ನೂ ಹೊಡೆಯಲಿಲ್ಲ. ಮಾತು ಮಾತಾಗಿಯೇ ಉಳಿದದ್ದರಿಂದ ಅದರ ವಿಚಾರಣೆ ಸಾಧ್ಯವಾಯಿತು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಆಟದ ನಿಯಮಗಳಿಗಿಂತ ಮುಂದೆ ಹೋಗಿದೆ. ಹಠಾತ್ತಾಗಿ ಕೆರಳಿಸಿದರೆಂಬ ಕಾರಣದಿಂದ ಹೊಡೆದವನ ಶಿಕ್ಷೆ ಕಡಿಮೆಯಾಗಬಹುದೇ ಹೊರತು ಅಪರಾಧ ಅಳಿಯುವುದಿಲ್ಲ. ಇದು ಹಳೆಯ ನ್ಯಾಯ. ಆದರೆ 1989ರ ದೌರ್ಜನ್ಯ ತಡೆ ಕಾಯಿದೆ ಇನ್ನೊಂದು ಹೆಜ್ಜೆ ಇಟ್ಟಿತು. ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳವರನ್ನು ಜಾತಿಯ ಕಾರಣದಿಂದ ಅವಮಾನಿಸಿದರೆ ಆ ಮಾತೇ ಅಪರಾಧವೆಂದಿತು. ಅಂದರೆ, ನೀನು ಕೈ ಎತ್ತಬೇಡ, ನಾನು ಎತ್ತುತ್ತೇನೆ ಎಂದು ಸರಕಾರ ಮಾತು ಕೊಟ್ಟಂತೆ. ಆ ಮಾತು ಎಷ್ಟು ಸಲ ನಡೆದಿದೆ ಎಂಬುದನ್ನು ಕೋರ್ಟು ಕಚೇರಿ ಅಲೆದವರೇ ಹೇಳಬೇಕು. ಆದರೆ ಹಾಗೆ ಮಾತು ಕೊಡದೆ 'ಹೊಡೆಯಬೇಡ' ಎಂದಷ್ಟೇ ಉಪದೇಶಿಸುವುದಕ್ಕಿಂತ ಇದು ನ್ಯಾಯವಾದದ್ದು.

ಆಟದ ಬಯಲಿನಲ್ಲಿ ಅಂಥದೊಂದು ಸಂಜೆಯನ್ನು ನಾನು ಟೆಲಿವಿಷನ್ನಿನಲ್ಲಿ ನೋಡಿದ್ದೇನೆ. 2020ರ ಡಿಸೆಂಬರ್ 8, ಪ್ಯಾರಿಸ್. ಊರಿನ ತಂಡಕ್ಕೂ ಇಸ್ತಾಂಬುಲಿನ ಬಷಕ್‌ಷೆಹಿರ್ ತಂಡಕ್ಕೂ ಪಂದ್ಯ. ಕೋವಿಡ್ ಕಾಲವಾದ್ದರಿಂದ ಪ್ರೇಕ್ಷಕರಿಲ್ಲ. ಬ್ಯಾಂಕಿನ ಲೆಕ್ಕ ಮುಗಿಸುವ ದಿನದ ನಿಶ್ಶಬ್ದ. ನಾಲ್ಕನೆಯ ತೀರ್ಪುಗಾರ, ರುಮೇನಿಯದವನು, ಅತಿಥಿ ತಂಡದ ಸಹಾಯಕ ತರಬೇತುದಾರ ಪಿಯೆರ್ ವೆಬೊ ಯಾರೆಂದು ಗುರುತಿಸಲು ತನ್ನ ಭಾಷೆಯಲ್ಲಿ 'ಆ ಕರಿಯ' ಎಂದ. ಬೈಯಬೇಕೆಂದಲ್ಲ, ಗುರುತು ಹೇಳಲು ಎಂದು ಅವನ ಕಡೆಯವರು ವಾದಿಸಿದರು. ನಮ್ಮ ಬೀದಿಯವರು ಹೇಳುವ ಹಾಗೆಯೇ. ಬದಲಿ ಆಟಗಾರರ ಬೆಂಚಿನಿಂದ ಡೆಂಬಾ ಬಾ ಎದ್ದು ಬಂದು ಒಂದೇ ಪ್ರಶ್ನೆ ಕೇಳಿದ: ಬಿಳಿಯನನ್ನು ತೋರಿಸುವಾಗ ಆ ಬಿಳಿಯ ಎನ್ನುವುದಿಲ್ಲವಲ್ಲ, ಇವನನ್ನು ತೋರಿಸುವಾಗ ಮಾತ್ರ ಏಕೆ? ಕೈ ಜೇಬಿಗೂ ಹೋಗಲಿಲ್ಲ, ಕಾಲರಿಗೂ ಹೋಗಲಿಲ್ಲ. ಉತ್ತರ ಬರಲಿಲ್ಲ. ಇಸ್ತಾಂಬುಲಿನ ತಂಡ ಒಳಗೆ ನಡೆಯಿತು. ಪ್ಯಾರಿಸಿನ ತಂಡವೂ ಅವರ ಹಿಂದೆಯೇ ನಡೆಯಿತು. ಕೋಟ್ಯಂತರ ಹಣದ ಆಟ ಆ ರಾತ್ರಿ ನಿಂತೇಹೋಯಿತು. ಮರುದಿನ ಬೇರೆ ತೀರ್ಪುಗಾರರು ಬಂದ ಮೇಲೆ ಪ್ಯಾರಿಸ್ 5–1ರಿಂದ ಗೆದ್ದಿತು. ಅದು ಯಾರಿಗೂ ಮುಖ್ಯವಾಗಿ ತೋರಲಿಲ್ಲ.

ಒಂದು ತಿಂಗಳು ಕಳೆದು, 2021ರ ಜನವರಿಯಲ್ಲಿ, ಸಿಡ್ನಿಯಲ್ಲಿ ಮತ್ತೆ ನಮ್ಮವರ ಸರದಿ ಬಂತು. ಹೈದರಾಬಾದಿನ ಆಟೋ ಚಾಲಕರ ಮಗ ಮಹಮ್ಮದ್ ಸಿರಾಜ್. ಆ ಪ್ರವಾಸಕ್ಕೆ ಹೋದಮೇಲೆ ತಂದೆ ತೀರಿಕೊಂಡರು. ಊರಿಗೆ ಮರಳದೆ ಅಲ್ಲಿಯೇ ಉಳಿದ ಹುಡುಗ. ಬೌಂಡರಿಯ ಬಳಿ ನಿಂತಿದ್ದಾಗ ಹಿಂದಿನಿಂದ ಬೈಗುಳಗಳು ಬಂದವು. ಹಿಂದಿನ ದಿನವೂ ಬಂದಿದ್ದವು. ಸಿರಾಜ್ ತಿರುಗಿ ಬೇಲಿಯತ್ತ ಹೋಗಲಿಲ್ಲ. ನಾಯಕ ರಹಾನೆಯವರ ಬಳಿಗೆ ಹೋಗಿ ಹೇಳಿದ. ರಹಾನೆ ಅಂಪೈರುಗಳಿಗೆ ಹೇಳಿದರು. ತಂಡವೆಲ್ಲ ನಡುಬಯಲಿನಲ್ಲಿ ಸುತ್ತುಗಟ್ಟಿ ನಿಂತಿತು. ಬೇಕಾದರೆ ಬಯಲು ಬಿಟ್ಟು ಹೋಗಬಹುದೆಂದು ಅಂಪೈರುಗಳು ಹೇಳಿದರಂತೆ. ತಪ್ಪು ಮಾಡಿದವರು ನಾವಲ್ಲ, ನಾವೇಕೆ ಹೋಗಬೇಕು ಎಂದರು ರಹಾನೆ. ಸುಮಾರು ಹತ್ತು ನಿಮಿಷ ಆಟ ನಿಂತಿತು. ಪೊಲೀಸರು ಆರು ಜನ ಪ್ರೇಕ್ಷಕರನ್ನು ಎಬ್ಬಿಸಿ ಹೊರಗೆ ಕಳುಹಿಸಿದರು.

ಮುಂದೆ ಆಸ್ಟ್ರೇಲಿಯಾದ ಕ್ರಿಕೆಟ್ ಮಂಡಳಿ ತನಿಖೆ ಮಾಡಿತು. ಭಾರತದ ಆಟಗಾರರು ಜನಾಂಗ ನಿಂದನೆಗೆ ಗುರಿಯಾದದ್ದು ನಿಜವೆಂದು ಅದು ಒಪ್ಪಿತು. ಆದರೆ ಅಂದು ಚಿತ್ರಗಳಲ್ಲಿ ಕಾಣಿಸಿಕೊಂಡು ಸುದ್ದಿಯಾದ ಪ್ರೇಕ್ಷಕರು ಬೈದವರಲ್ಲವೆಂದೂ ಹೇಳಿತು. ಹಾಗಾದರೆ ಬೈದವನು, ಪಕ್ಕದವರೂ ಬಾಯಿ ಬಿಡದ ಕಾರಣ, ಚಹಾ ವಿರಾಮದ ಹೊತ್ತಿಗೆ ಅಲ್ಲಿಯೇ ಎಲ್ಲೋ ತನ್ನ ಕುರ್ಚಿಯಲ್ಲಿ ಕುಳಿತಿದ್ದಿರಬೇಕು. ಸಿರಾಜ್ ಟೋಪಿ ಸರಿಮಾಡಿಕೊಂಡು ಮತ್ತೆ ಫೀಲ್ಡಿಂಗಿಗೆ ನಿಂತ. ಆಟ ಶುರುವಾಯಿತು.